ಮಿಷನರಿಗಳು ಹೊರಟ ಮೇಲೆ ಬೆಳೆದ ಚರ್ಚು

1949ರಲ್ಲಿ ಮಾವೊ ಬೀಜಿಂಗ್‌ನಲ್ಲಿ ಜನತಾ ಗಣರಾಜ್ಯವನ್ನು ಘೋಷಿಸಿದಾಗ ಚೀನಾದಲ್ಲಿದ್ದ ಪ್ರೊಟೆಸ್ಟೆಂಟ್ ಕ್ರೈಸ್ತರು ಹೆಚ್ಚೆಂದರೆ ಹತ್ತು ಲಕ್ಷ. ಕಥೋಲಿಕರು ಮೂವತ್ತು ಲಕ್ಷದ ಆಸುಪಾಸು. ಅದಾದ ಕೆಲವೇ ವರ್ಷಗಳಲ್ಲಿ ವಿದೇಶಿ ಮಿಷನರಿಗಳೆಲ್ಲ ಗಂಟುಮೂಟೆ ಕಟ್ಟಿಕೊಂಡು ದೇಶ ಬಿಡಬೇಕಾಯಿತು. ಯುರೋಪು, ಅಮೆರಿಕಗಳ ಮಿಷನ್ ಕಚೇರಿಗಳಲ್ಲಿ ಅದನ್ನು ದೊಡ್ಡ ಸೋಲೆಂದೇ ಬಗೆದರು. ಹಣ ನಿಂತಿತು, ಆಸ್ಪತ್ರೆ ಮತ್ತು ಕಾಲೇಜುಗಳು ಸರ್ಕಾರದ ಪಾಲಾದವು. ಇನ್ನೇನು ಉಳಿದೀತು ಎಂಬುದು ಆಗಿನ ಪ್ರಶ್ನೆಯಾಗಿತ್ತು.

2018ರಲ್ಲಿ ಚೀನಾ ಸರ್ಕಾರ ಧಾರ್ಮಿಕ ಸ್ವಾತಂತ್ರ್ಯದ ಬಗ್ಗೆ ಒಂದು ಶ್ವೇತಪತ್ರ ಹೊರಡಿಸಿತು. ಅದರ ಪ್ರಕಾರ ದೇಶದಲ್ಲಿ 3.8 ಕೋಟಿ ಪ್ರೊಟೆಸ್ಟೆಂಟರು, 60 ಲಕ್ಷ ಕಥೋಲಿಕರಿದ್ದಾರೆ. ಇದು ಕ್ರೈಸ್ತರ ಸಂಖ್ಯೆಯನ್ನು ಹಿಗ್ಗಿಸಿ ಹೇಳಲು ಯಾವ ಕಾರಣವೂ ಇಲ್ಲದ, ನಾಸ್ತಿಕತೆಯನ್ನು ಸಿದ್ಧಾಂತವಾಗಿ ಒಪ್ಪಿರುವ ಪಕ್ಷದ ಸರ್ಕಾರ ಕೊಟ್ಟ ಲೆಕ್ಕ. ನೂರೈವತ್ತು ವರ್ಷ ಮಿಷನರಿಗಳು ದುಡಿದು ಗಳಿಸಿದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಜನ, ಅವರು ಹೋದ ಮೇಲೆ ಚರ್ಚಿಗೆ ಬಂದಿದ್ದಾರೆ. ಚೀನಾದ ಕ್ರೈಸ್ತ ಧರ್ಮದ ಬಗ್ಗೆ ಮಾತನಾಡುವ ಯಾರೇ ಆಗಲಿ, ಮೊದಲು ಉತ್ತರಿಸಬೇಕಾದದ್ದು ಇದು ಹೇಗೆ ಸಾಧ್ಯವಾಯಿತು ಎಂಬ ಪ್ರಶ್ನೆಗೆ. ನಂತರದ ಪ್ರಶ್ನೆ ಇನ್ನೂ ಕಠಿಣ: ಅಷ್ಟು ಬೆಳೆದದ್ದು ಈಗ ಯಾಕೆ ನಿಂತಂತೆ ಕಾಣುತ್ತಿದೆ?

ಕ್ರೈಸ್ತ ಧರ್ಮ ಚೀನಾಕ್ಕೆ ಹೊಸತೇನಲ್ಲ. ಷಿಯಾನ್ ನಗರದಲ್ಲಿ 781ರಲ್ಲಿ ಕೆತ್ತಿಸಿದ ಒಂದು ಶಿಲಾಶಾಸನವಿದೆ. ಅಲೊಪೆನ್ ಎಂಬ ಧರ್ಮಬೋಧಕ 635ರಲ್ಲಿ ತಾಂಗ್ ಸಾಮ್ರಾಟನ ರಾಜಧಾನಿಗೆ ಬಂದದ್ದನ್ನು ಅದು ಚೀನೀ ಲಿಪಿಯಲ್ಲಿ ಹೇಳುತ್ತದೆ. ಜೊತೆಗೆ ಸಿರಿಯಾಕ್ ಭಾಷೆಯ ಸಾಲುಗಳೂ ಇವೆ. ಕೇರಳದ ಮಾರ್ ತೋಮಾ ಕ್ರೈಸ್ತರು ಶತಮಾನಗಳ ಕಾಲ ಬಿಷಪರನ್ನು ಪಡೆಯುತ್ತಿದ್ದ ಪೂರ್ವ ಸಭೆ (ಚರ್ಚ್ ಆಫ್ ದಿ ಈಸ್ಟ್) ಎಂಬ ಹಳೆಯ ಚರ್ಚೇ ಅಲೊಪೆನ್‌ನನ್ನೂ ಕಳಿಸಿದ್ದು. 845ರಲ್ಲಿ ಬೌದ್ಧ ವಿಹಾರಗಳ ಮೇಲೆ ಸಾಮ್ರಾಟ ಮುಗಿಬಿದ್ದಾಗ ಈ ಸಣ್ಣ ಸಮುದಾಯವೂ ನಲುಗಿ ಮರೆಯಾಯಿತು. ಹಳೆ ಗೋವಾದ ಬಾಮ್ ಜೀಸಸ್ ಬಸಿಲಿಕಾದಲ್ಲಿ ನಮ್ಮವರು ಸಾಲುಗಟ್ಟಿ ನೋಡಿ ಬರುವ ಸಂತ ಫ್ರಾನ್ಸಿಸ್ ಕ್ಸೇವಿಯರ್ ಕೊನೆಯುಸಿರೆಳೆದದ್ದು ಚೀನಾದ ಕರಾವಳಿಗೆ ಸೇರಿದ ಶಾಂಗ್‌ಚುವಾನ್ ದ್ವೀಪದಲ್ಲಿ, 1552ರಲ್ಲಿ. ಒಳನಾಡಿಗೆ ಕಾಲಿಡಲು ಅವರಿಗೆ ಆಗಲೇ ಇಲ್ಲ. ಅದನ್ನು ಸಾಧಿಸಿದವರು ಮತ್ತೆಯೊ ರಿಚ್ಚಿ. ಗೋವಾ ಮತ್ತು ಕೊಚ್ಚಿಯಲ್ಲಿ ಕೆಲಕಾಲ ಇದ್ದು, 1582ರಲ್ಲಿ ಮಕಾವ್ ತಲುಪಿ, 1601ರಲ್ಲಿ ಬೀಜಿಂಗ್ ಸೇರಿದ ಈ ಜೆಸುಯಿಟ್ ಪಾದ್ರಿ ಚೀನೀ ವಿದ್ವಾಂಸರ ಉಡುಪು ತೊಟ್ಟರು, ಕನ್‌ಫ್ಯೂಷಿಯಸ್‌ನ ಗ್ರಂಥಗಳನ್ನು ಕಲಿತರು, ಆಸ್ಥಾನದ ವಿದ್ವಾಂಸ ಶೂ ಗುವಾಂಗ್‌ಚಿ ಜೊತೆ ಕೂತು ಯೂಕ್ಲಿಡ್‌ನ ರೇಖಾಗಣಿತವನ್ನು ಚೀನೀ ಭಾಷೆಗೆ ತಂದರು.

ಹಿರಿಯರಿಗೆ ಧೂಪ ಹಚ್ಚಿ ನಮಸ್ಕರಿಸುವುದು ಗೌರವವೋ ವಿಗ್ರಹಾರಾಧನೆಯೋ ಎಂಬ ಜಗಳ ರಿಚ್ಚಿ ತೀರಿಕೊಂಡ ಮೇಲೆ ರೋಮ್‌ವರೆಗೂ ಹೋಯಿತು. 1692ರಲ್ಲಿ ಕ್ರೈಸ್ತರಿಗೆ ಆಚರಣೆಯ ಅನುಮತಿ ಕೊಟ್ಟಿದ್ದ ಕಾಂಗ್‌ಶಿ ಸಾಮ್ರಾಟ, ಪೋಪ್ ಈ ಆಚರಣೆಯನ್ನು ನಿಷೇಧಿಸಿದ್ದು ಕೇಳಿ ಕೆರಳಿದ. ಅವನ ಮಗ 1724ರಲ್ಲಿ ಕ್ರೈಸ್ತ ಧರ್ಮವನ್ನೇ ನಿಷೇಧಿಸಿದ. ರೋಮ್ ತನ್ನ ನಿಲುವನ್ನು ಸಡಿಲಿಸಿದ್ದು 1939ರಲ್ಲಿ. ಚೀನೀಯರು ತಮ್ಮ ಹಿರಿಯರನ್ನು ಹೇಗೆ ನೆನೆಯಬೇಕು ಎಂಬುದನ್ನು ಸಾವಿರಾರು ಮೈಲಿ ಆಚೆ ಕೂತವರು ತೀರ್ಮಾನಿಸಿದ್ದರ ಬೆಲೆಯನ್ನು ಅಲ್ಲಿಯ ಸಭೆ ಇನ್ನೂರು ವರ್ಷ ತೆತ್ತಿತು.

ಮುಂದಿನ ಅಧ್ಯಾಯಕ್ಕೆ ಅಫೀಮಿನ ವಾಸನೆ ಅಂಟಿಕೊಂಡಿದೆ. ರಾಬರ್ಟ್ ಮಾರಿಸನ್ 1807ರಲ್ಲಿ ಕ್ಯಾಂಟನ್ ತಲುಪಿದ ಮೊದಲ ಪ್ರೊಟೆಸ್ಟೆಂಟ್ ಮಿಷನರಿ. ಇಡೀ ಬೈಬಲ್ಲನ್ನು ಚೀನೀ ಭಾಷೆಗೆ ತಂದ ಅವರು 1834ರಲ್ಲಿ ತೀರಿಕೊಳ್ಳುವ ಹೊತ್ತಿಗೆ ದೀಕ್ಷಾಸ್ನಾನ ಪಡೆದವರು ಹತ್ತು ಹನ್ನೊಂದು ಮಂದಿ ಮಾತ್ರ. ಅವರ ನಂತರ ಬಂದ ಜರ್ಮನ್ ಮಿಷನರಿ ಕಾರ್ಲ್ ಗುಟ್ಸ್‌ಲಾಫ್‌ಗೆ ಅಷ್ಟು ತಾಳ್ಮೆಯಿರಲಿಲ್ಲ. ಮಾಳವ, ಬಿಹಾರಗಳಲ್ಲಿ ಬೆಳೆದ ಅಫೀಮನ್ನು ಹೊತ್ತು ಚೀನಾದ ಕರಾವಳಿಯಲ್ಲಿ ಕಳ್ಳವ್ಯಾಪಾರ ನಡೆಸುತ್ತಿದ್ದ ಹಡಗುಗಳಲ್ಲಿ ಅವರು ದುಭಾಷಿಯಾಗಿ ಹೋದರು. ಅದೇ ಹಡಗಿನಿಂದ ಧರ್ಮದ ಕರಪತ್ರಗಳನ್ನೂ ಹಂಚಿದರು. 1842ರ ನಾನ್‌ಜಿಂಗ್ ಒಪ್ಪಂದ, 1858 ಮತ್ತು 1860ರ ಒಪ್ಪಂದಗಳು ಬ್ರಿಟನ್, ಫ್ರಾನ್ಸ್‌ಗಳು ಬಂದೂಕು ತೋರಿಸಿ ಬರೆಸಿಕೊಂಡವು. ಮಿಷನರಿಗಳು ಒಳನಾಡಿನಲ್ಲಿ ಓಡಾಡುವ, ಬೋಧಿಸುವ ಹಕ್ಕು ಪಡೆದದ್ದು ಅವುಗಳಿಂದಲೇ. ಅಫೀಮನ್ನು ಖಂಡಿಸಿದ ಮಿಷನರಿಗಳೂ ಅನೇಕರಿದ್ದರು, ಅದನ್ನು ಮರೆಯಬಾರದು. ಆದರೆ ಹಳ್ಳಿಯವನ ಕಣ್ಣಿಗೆ ಬೈಬಲ್ಲು, ಅಫೀಮು, ಫಿರಂಗಿ ಮೂರೂ ಒಂದೇ ಹಡಗಿನಿಂದ ಇಳಿದಿದ್ದವು.

ಇಲ್ಲಿ ಕನ್ನಡ ಓದುಗರಿಗೆ ಪರಿಚಿತ ಹೆಸರೊಂದು ಬರುತ್ತದೆ. 1834ರಲ್ಲಿ ಮಂಗಳೂರಿಗೆ ಬಂದು ಮುಂದೆ ನಮಗೆ ಹೆಂಚು, ಅಚ್ಚುಕೂಟ, ‘ಮಂಗಳೂರ ಸಮಾಚಾರ’, ಕಿಟ್ಟೆಲ್ ನಿಘಂಟುಗಳನ್ನು ಕೊಟ್ಟ ಬಾಸೆಲ್ ಮಿಷನ್, ಗುಟ್ಸ್‌ಲಾಫ್ ಕರೆಗೆ ಓಗೊಟ್ಟು 1847ರಲ್ಲಿ ಥಿಯೊಡೊರ್ ಹಾಂಬರ್ಗ್ ಮತ್ತು ರುಡಾಲ್ಫ್ ಲೆಕ್ಲರ್ ಎಂಬಿಬ್ಬರನ್ನು ಹಾಂಗ್‌ಕಾಂಗ್‌ಗೆ ಕಳಿಸಿತು. ಗುಟ್ಸ್‌ಲಾಫ್ ಅಲ್ಲಿ ಚೀನೀ ಬೋಧಕರ ದೊಡ್ಡ ಸಂಘ ಕಟ್ಟಿದ್ದರು. ಸಾವಿರಾರು ಜನ ದೀಕ್ಷಾಸ್ನಾನ ಪಡೆದಿದ್ದಾರೆಂಬ ವರದಿಗಳು ಯುರೋಪಿಗೆ ಹೋಗುತ್ತಿದ್ದವು, ದೇಣಿಗೆ ಹರಿದು ಬರುತ್ತಿತ್ತು. ಗುಟ್ಸ್‌ಲಾಫ್ ಯುರೋಪಿನಲ್ಲಿ ಭಾಷಣ ಮಾಡುತ್ತಿದ್ದಾಗ ಹಾಂಬರ್ಗ್ ಒಬ್ಬೊಬ್ಬ ಬೋಧಕನನ್ನೂ ಕರೆದು ವಿಚಾರಿಸಿದರು. ಹಲವರು ಒಳನಾಡಿಗೆ ಹೋಗಿಯೇ ಇರಲಿಲ್ಲ. ದಾರಿಖರ್ಚಿನ ಹಣ ಅಫೀಮಿಗೆ ಹೋಗಿತ್ತು. ಹಂಚಲೆಂದು ಕೊಟ್ಟ ಹೊಸ ಒಡಂಬಡಿಕೆಯ ಪ್ರತಿಗಳನ್ನು ಅಚ್ಚುಕೂಟದವನಿಗೇ ಮಾರುತ್ತಿದ್ದರು. ಆತ ಅವನ್ನೇ ಮತ್ತೆ ಗುಟ್ಸ್‌ಲಾಫ್‌ಗೆ ಮಾರುತ್ತಿದ್ದ. ಚೀನಾದ ಮತಾಂತರದ ಅಂಕಿಅಂಶ ಕಂಡಾಗಲೆಲ್ಲ ಅದನ್ನು ಯಾರು, ಯಾರಿಗಾಗಿ ಎಣಿಸಿದರು ಎಂದು ಕೇಳಬೇಕೆನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಬಾಸೆಲ್‌ನವರು ಆಮೇಲೆ ಹಕ್ಕಾ ಭಾಷಿಕರ ನಡುವೆ ನೆಲೆನಿಂತರು. ಹಕ್ಕಾ ಜನರಲ್ಲೇ ಹುಟ್ಟಿದವನು ಹಾಂಗ್ ಷಿಯುಚ್ವಾನ್. ಸರ್ಕಾರಿ ಪರೀಕ್ಷೆಯಲ್ಲಿ ಮತ್ತೆ ಮತ್ತೆ ನಪಾಸಾದ ಈತ ಲಿಯಾಂಗ್ ಫಾ ಎಂಬ ಚೀನೀ ಬೋಧಕ ಬರೆದ ಕರಪತ್ರ ಓದಿ, ತಾನು ಯೇಸುವಿನ ತಮ್ಮನೆಂದು ನಂಬಿ ದಂಗೆ ಎಬ್ಬಿಸಿದ. 1851ರಿಂದ 1864ರವರೆಗೆ ನಡೆದ ತೈಪಿಂಗ್ ಯುದ್ಧದಲ್ಲಿ ಸತ್ತವರು ಎರಡು ಕೋಟಿಗೂ ಹೆಚ್ಚೆಂದು ಅಂದಾಜು. ಇಂದಿನ ಬೀಜಿಂಗ್ ಆಳುವವರು ಹಳ್ಳಿಯ ಪ್ರಾರ್ಥನಾ ಕೂಟವನ್ನು ಅಷ್ಟೊಂದು ಅನುಮಾನದಿಂದ ನೋಡುವುದೇಕೆ ಎಂದು ಕೇಳುವವರು ಈ ಇತಿಹಾಸವನ್ನು ನೆನೆಯಬೇಕು. ಧರ್ಮದ ಹೆಸರಿನ ಗುಂಪೊಂದು ರಾಜವಂಶವನ್ನೇ ಅಲುಗಾಡಿಸಿದ ನೆನಪು ಅಲ್ಲಿ ಶಾಲೆಯ ಪಠ್ಯದಲ್ಲಿದೆ.

ವಿದೇಶಿಯರ ವಿರುದ್ಧ 1900ರಲ್ಲಿ ಎದ್ದ ಬಾಕ್ಸರ್ ದಂಗೆಯಲ್ಲಿ ಸುಮಾರು ಇನ್ನೂರು ಮಿಷನರಿಗಳು, ಅವರ ಎಷ್ಟೋ ಪಟ್ಟು ಚೀನೀ ಕ್ರೈಸ್ತರು ಕೊಲೆಯಾದರು. ಅದನ್ನು ಅಡಗಿಸಲು ಹೋದ ಬ್ರಿಟಿಷ್ ಪಡೆಯಲ್ಲಿ ಭಾರತೀಯ ಸೈನಿಕರೂ ಇದ್ದರು. 1920ರ ದಶಕದಲ್ಲಿ ವಿಶ್ವವಿದ್ಯಾಲಯಗಳಲ್ಲಿ ಕ್ರೈಸ್ತ ವಿರೋಧಿ ಚಳವಳಿ ಎದ್ದಾಗ ಜನಪ್ರಿಯವಾಗಿದ್ದ ಮಾತು ‘ಒಬ್ಬ ಕ್ರೈಸ್ತ ಹೆಚ್ಚಾದರೆ ಒಬ್ಬ ಚೀನೀಯ ಕಡಿಮೆಯಾದ’ ಎಂದು. ಈ ಮಾತಿನ ಗಾಯ ಚೀನೀ ಕ್ರೈಸ್ತರಿಗೆ ಆಳವಾಗಿ ತಾಗಿತು. ಅದೇ ಕಾಲದ ಆಸುಪಾಸಿನಲ್ಲಿ ಬೆಳೆದವು ಮಿಷನ್‌ಗಳ ಹಂಗಿಲ್ಲದ ಸಭೆಗಳು: ಬೀಜಿಂಗ್‌ನ ‘ನಿಜ ಯೇಸು ಸಭೆ’, ಶಾಂಡಾಂಗ್‌ನಲ್ಲಿ ಆಸ್ತಿಯನ್ನೆಲ್ಲ ಹಂಚಿಕೊಂಡು ಬಾಳಿದ ‘ಯೇಸು ಕುಟುಂಬ’, ನೀ ತುವೊಶೆಂಗ್ ಕಟ್ಟಿದ ‘ಚಿಕ್ಕ ಹಿಂಡು’. ಫೂಜಿಯಾನ್‌ನ ಸಾಂಗ್ ಶಾಂಗ್‌ಜಿಯೆ ಅಮೆರಿಕದಲ್ಲಿ ರಸಾಯನಶಾಸ್ತ್ರದ ಡಾಕ್ಟರೇಟ್ ಪಡೆದು ಬಂದವರು. ಅದನ್ನು ಬದಿಗಿಟ್ಟು ಚೀನಾ ಮತ್ತು ಆಗ್ನೇಯ ಏಷ್ಯಾದ ಊರೂರು ಸುತ್ತಿ ಬೋಧಿಸಿದರು. ಮಿಷನರಿ ಹೋದರೂ ಬದುಕಬಲ್ಲ ಸಭೆಯ ತಯಾರಿ 1949ಕ್ಕೆ ಮೊದಲೇ ಶುರುವಾಗಿತ್ತು.

ಕಮ್ಯುನಿಸ್ಟ್ ಸರ್ಕಾರ ಬಂದ ಮೇಲೆ ವೂ ಯಾವೊಜೊಂಗ್ ಮೊದಲಾದವರು ಪ್ರಧಾನಿ ಜೌ ಎನ್‌ಲಾಯ್ ಅವರ ಸಲಹೆ ಪಡೆದು ತ್ರಿಸ್ವಯಂ ದೇಶಪ್ರೇಮಿ ಚಳವಳಿಯನ್ನು ಕಟ್ಟಿದರು: ಸ್ವಯಂ ಆಡಳಿತ, ಸ್ವಯಂ ಪೋಷಣೆ, ಸ್ವಯಂ ಪ್ರಸಾರ. ಈ ಮೂರು ಸೂತ್ರಗಳು ಹತ್ತೊಂಬತ್ತನೇ ಶತಮಾನದ ಮಿಷನ್ ಮುಖಂಡರೇ ಹೇಳಿದ್ದವು. ಈಗ ಅವಕ್ಕೆ ಪಕ್ಷದ ಮೊಹರು ಬಿತ್ತು. ಸೇರಲು ಒಪ್ಪದವರಿಗೆ ಜೈಲು. ಬೀಜಿಂಗ್‌ನ ಬೋಧಕ ವಾಂಗ್ ಮಿಂಗ್‌ದಾವೊ ಎರಡು ದಶಕಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದರು. ನೀ ತುವೊಶೆಂಗ್ 1972ರಲ್ಲಿ ದುಡಿಮೆಯ ಶಿಬಿರದಲ್ಲೇ ತೀರಿಕೊಂಡರು. ಶಾಂಘಾಯ್‌ನ ಬಿಷಪ್ ಗೊಂಗ್ ಪಿನ್‌ಮೈ ಮೂವತ್ತು ವರ್ಷ ಬಂಧನದಲ್ಲಿದ್ದರು. 1966ರಲ್ಲಿ ಸಾಂಸ್ಕೃತಿಕ ಕ್ರಾಂತಿ ಶುರುವಾದ ಮೇಲೆ ತ್ರಿಸ್ವಯಂ ಚರ್ಚುಗಳಿಗೂ ಬೀಗ ಬಿತ್ತು. ಸರ್ಕಾರದ ಮಾತು ಕೇಳಿದವರು, ಕೇಳದವರು ಇಬ್ಬರೂ ಬೀದಿಗೆ ಬಿದ್ದರು. ಬಾಗಿಲುಗಳು ಮತ್ತೆ ತೆರೆಯತೊಡಗಿದ್ದು 1979ರಲ್ಲಿ.

ತೆರೆದಾಗ ಕಂಡದ್ದು ಯಾರೂ ಎಣಿಸದ ದೃಶ್ಯ. ಮಧ್ಯ ಚೀನಾದ ಹೆನಾನ್, ಪಕ್ಕದ ಆನ್‌ಹುಯಿ ಪ್ರಾಂತ್ಯಗಳ ಗೋಧಿ ಹೊಲಗಳ ನಡುವಿನ ಹಳ್ಳಿಗಳಲ್ಲಿ ಹತ್ತು, ಇಪ್ಪತ್ತು, ನೂರು ಜನರ ಕೂಟಗಳು ಹಬ್ಬಿದ್ದವು. ಬೈಬಲ್ ಸಿಗದ ಕಾರಣ ಕೈಯಲ್ಲಿ ನಕಲು ಮಾಡಿದ ಪ್ರತಿಗಳು ಮನೆಯಿಂದ ಮನೆಗೆ ಓಡಾಡುತ್ತಿದ್ದವು. ಇದನ್ನು ವಿವರಿಸುವಾಗ ಭಕ್ತರು ದೇವರ ಕೃಪೆ ಎನ್ನುತ್ತಾರೆ, ವಿಮರ್ಶಕರು ಬಡತನ ಎನ್ನುತ್ತಾರೆ. ನಾನು ಬೊಟ್ಟು ಮಾಡುವುದು ಒಂದು ನಿರ್ದಿಷ್ಟ ಸಂಗತಿಯತ್ತ. 1970ರ ದಶಕದ ಕೊನೆಗೆ ಚೀನಾದ ನೂರಕ್ಕೆ ತೊಂಬತ್ತರಷ್ಟು ಹಳ್ಳಿಗಳಲ್ಲಿ ಸಹಕಾರಿ ವೈದ್ಯಕೀಯ ವ್ಯವಸ್ಥೆಯಿತ್ತು. ‘ಬರಿಗಾಲ ವೈದ್ಯರು’ ಸಣ್ಣಪುಟ್ಟ ಕಾಯಿಲೆ ನೋಡುತ್ತಿದ್ದರು. ಸಾಮೂಹಿಕ ಬೇಸಾಯದ ಕಮ್ಯೂನುಗಳನ್ನು ಒಡೆದು ಜಮೀನನ್ನು ಮನೆಗಳಿಗೆ ಹಂಚಿದಾಗ ಆ ವ್ಯವಸ್ಥೆಗೆ ಹಣ ಕೊಡುವವರಿಲ್ಲವಾಯಿತು. 1980ರ ದಶಕದ ನಡುವಿನ ಹೊತ್ತಿಗೆ ಅದು ಉಳಿದದ್ದು ನೂರಕ್ಕೆ ಐದು ಹಳ್ಳಿಗಳಲ್ಲಿ. ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆ ಇಡೀ ಸಂಸಾರ ಸಾಲದಲ್ಲಿ ಮುಳುಗುವ ಕಾಲ ಅದು. ಹಳ್ಳಿಯ ಕ್ರೈಸ್ತರನ್ನು ‘ಯಾಕೆ ನಂಬಿದಿರಿ’ ಎಂದು ಕೇಳಿದ ಸಂಶೋಧಕರಿಗೆ ಮತ್ತೆ ಮತ್ತೆ ಸಿಕ್ಕ ಉತ್ತರ: ಮನೆಯಲ್ಲಿ ಕಾಯಿಲೆಯಿತ್ತು, ಪ್ರಾರ್ಥನೆಗೆ ಬಂದರು, ವಾಸಿಯಾಯಿತು.

ವಾಸಿಯಾಗದಿದ್ದರೂ ಜನ ಬಂದರು ಎಂಬುದು ಇನ್ನೂ ಮುಖ್ಯ. ಪ್ರಾರ್ಥಿಸಲು ಬಂದವರು ಅಕ್ಕಪಕ್ಕದ ಹೆಂಗಸರು. ಅವರು ಗಂಜಿ ಕಾಯಿಸಿ ಕೊಟ್ಟರು, ರೋಗಿಯ ಬಟ್ಟೆ ಒಗೆದರು, ಕೊಯ್ಲಿಗೆ ಕೈ ಜೋಡಿಸಿದರು. ಚೀನೀ ವಿದ್ವಾಂಸರು ಆಗಿನ ಹಳ್ಳಿಯ ಸಭೆಗಳನ್ನು ‘ಮೂರು ಹೆಚ್ಚು’ ಎಂದು ಬಣ್ಣಿಸುತ್ತಿದ್ದರು: ಮುದುಕರು ಹೆಚ್ಚು, ಹೆಂಗಸರು ಹೆಚ್ಚು, ಅಕ್ಷರ ಬಾರದವರು ಹೆಚ್ಚು. ಆ ಮಾತಿನಲ್ಲಿ ತಾತ್ಸಾರವಿತ್ತು. ಆದರೆ ಸಭೆಯನ್ನು ಹೊತ್ತವರೇ ಅವರು. ಹೆನಾನ್‌ನ ರೈತ ಕುಟುಂಬದ ಹುಡುಗಿ ಲೂ ಶಿಯಾವೊಮಿನ್ ಶಾಲೆಯನ್ನು ಅರ್ಧಕ್ಕೇ ಬಿಟ್ಟವಳು, ಸಂಗೀತ ಕಲಿತವಳಲ್ಲ. ಅವಳು ಕಟ್ಟಿದ ಸಾವಿರಕ್ಕೂ ಹೆಚ್ಚು ಹಾಡುಗಳನ್ನು ಇವತ್ತು ಚೀನಾದ ಮನೆಸಭೆಗಳಲ್ಲೂ (ಸರ್ಕಾರದ ಮಾನ್ಯತೆಯಿಲ್ಲದೆ ಮನೆಗಳಲ್ಲಿ ಸೇರುವ ಕೂಟಗಳು) ಹೊರದೇಶದ ಚೀನೀ ಚರ್ಚುಗಳಲ್ಲೂ ಹಾಡುತ್ತಾರೆ. ಧಾಟಿ ಜಾನಪದದ್ದು, ಅಕ್ಷರ ಬಾರದವರೂ ಎರಡು ಸಲ ಕೇಳಿದರೆ ಕಲಿಯುವಂಥದ್ದು. ವಸಂತ ಹಬ್ಬಕ್ಕೆ ಚೀನಾದಲ್ಲಿ ಮನೆಯ ಬಾಗಿಲಿನ ಎರಡೂ ಪಕ್ಕ ಕೆಂಪು ಕಾಗದದ ಮೇಲೆ ಜೋಡಿ ಪದ್ಯ ಬರೆದು ಅಂಟಿಸುವುದು ಹಳೆಯ ವಾಡಿಕೆ. ಈ ಹಳ್ಳಿಗಳ ಕ್ರೈಸ್ತರು ಅದನ್ನು ಬಿಡಲಿಲ್ಲ. ಅದೇ ಕೆಂಪು ಕಾಗದ, ಅದೇ ಕಪ್ಪು ಅಥವಾ ಬಂಗಾರದ ಶಾಯಿ, ಅದೇ ಛಂದಸ್ಸು. ಸಂಪತ್ತು ಸಮೃದ್ಧಿ ಕೋರುವ ಸಾಲುಗಳ ಜಾಗದಲ್ಲಿ ಯೇಸುವಿನ ಸ್ತುತಿ, ಬಾಗಿಲ ನೆತ್ತಿಯ ಅಡ್ಡಪಟ್ಟಿಯಲ್ಲಿ ‘ಇಮ್ಮಾನುವೇಲ’. ಯಾವ ಮಿಷನ್ ಕಚೇರಿಯೂ, ಯಾವ ಸರ್ಕಾರಿ ಸಮಿತಿಯೂ ಇದನ್ನು ಹೇಳಿಕೊಡಲಿಲ್ಲ.

ಕಥೋಲಿಕರ ಕಥೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ಬೆಳವಣಿಗೆಯ ಗುಟ್ಟು ಇನ್ನಷ್ಟು ಬಿಡಿಸಿಕೊಳ್ಳುತ್ತದೆ. 1949ರಲ್ಲಿ ಅವರೇ ಮೂರು ನಾಲ್ಕು ಪಟ್ಟು ಹೆಚ್ಚಿದ್ದರು. ಅಲ್ಲಿಂದೀಚೆಗೆ ಸರ್ಕಾರಿ ಲೆಕ್ಕದಲ್ಲಿ ಎರಡು ಪಟ್ಟಾಗಿದ್ದಾರೆ. ದೇಶದ ಜನಸಂಖ್ಯೆಯೂ ಅದಕ್ಕಿಂತ ಹೆಚ್ಚೇ ಬೆಳೆದಿದೆ; ಅಂದರೆ ಪಾಲು ಹೆಚ್ಚಲಿಲ್ಲ. ಅವರ ಶ್ರದ್ಧೆ ಕಡಿಮೆಯೆಂದಲ್ಲ. ಹೆಬೆಯ್ ಪ್ರಾಂತ್ಯದ ಇಡೀ ಇಡೀ ಕಥೋಲಿಕ ಹಳ್ಳಿಗಳು ಜೈಲು, ಹಿಂಸೆಗಳನ್ನು ಸಹಿಸಿ ನಂಬಿಕೆ ಉಳಿಸಿಕೊಂಡವು. ಆದರೆ ಬಲಿಪೂಜೆಗೆ ಪಾದ್ರಿ ಬೇಕು, ಪಾದ್ರಿಗೆ ಬಿಷಪರ ದೀಕ್ಷೆ ಬೇಕು, ಬಿಷಪರಿಗೆ ರೋಮ್‌ನ ಒಪ್ಪಿಗೆ ಬೇಕು. ಈ ಸರಪಣಿಯಲ್ಲಿ ಎಲ್ಲಿ ಕತ್ತರಿಸಿದರೂ ಕೆಳಗಿನದೆಲ್ಲ ನಿಲ್ಲುತ್ತದೆ. ಪ್ರೊಟೆಸ್ಟೆಂಟ್ ಮನೆಸಭೆಗೆ ಒಂದು ಬೈಬಲ್ಲು, ಓದಬಲ್ಲ ಒಬ್ಬಳು ಹುಡುಗಿ, ಒಂದು ಅಂಗಳ ಸಾಕಾಗಿತ್ತು. ಪೊಲೀಸರು ಒಬ್ಬರನ್ನು ಒಯ್ದರೆ ಮರುವಾರ ಇನ್ನೊಬ್ಬರು ಎದ್ದು ನಿಲ್ಲುತ್ತಿದ್ದರು.

ಇದೇ ಸಡಿಲ ರಚನೆಗೆ ಇನ್ನೊಂದು ಮುಖವೂ ಇತ್ತು. ತರಬೇತಿಯಿಲ್ಲದ ಬೋಧಕರ ನಡುವೆ ವಿಚಿತ್ರ ಪಂಥಗಳು ಹುಟ್ಟಿದವು. ಹೆನಾನ್‌ನಲ್ಲಿ ಬೇರುಬಿಟ್ಟ ‘ಪೂರ್ವದ ಮಿಂಚು’ ಪಂಥ, ಯೇಸು ಚೀನೀ ಹೆಣ್ಣಾಗಿ ಮರಳಿ ಬಂದಿದ್ದಾನೆ ಎಂದು ಸಾರಿ ಮನೆಸಭೆಗಳಿಂದಲೇ ಜನರನ್ನು ಸೆಳೆಯಿತು. ಹಳ್ಳಿಯ ಸಭೆಗಳ ಹಿರಿಯರು ಪೊಲೀಸರಿಗೆ ಹೆದರಿದಷ್ಟೇ ಇಂಥ ಪಂಥಗಳಿಗೂ ಹೆದರುತ್ತಿದ್ದರು.

1990ರ ದಶಕದಿಂದ ಮೂರನೆಯ ಬಗೆಯ ಸಭೆಯೊಂದು ನಗರಗಳಲ್ಲಿ ಕಾಣಿಸಿಕೊಂಡಿತು. ತಿಯಾನನ್‌ಮೆನ್ ಚೌಕದ ಹತ್ಯಾಕಾಂಡದ ನಂತರ ಕನಸು ಮುರಿದ ವಿದ್ಯಾರ್ಥಿಗಳು, ವಕೀಲರು, ಪ್ರಾಧ್ಯಾಪಕರು ಬೈಬಲ್ ತೆರೆದರು. ಝೆಜಿಯಾಂಗ್ ಪ್ರಾಂತ್ಯದ ವೆನ್‌ಝೌನಲ್ಲಿ ಬಟನ್ನು, ಚಪ್ಪಲಿ, ಸಿಗರೇಟ್ ಲೈಟರ್ ಮಾಡಿ ಹಣ ಕಂಡ ಕಾರ್ಖಾನೆ ಮಾಲೀಕರು ‘ಬಾಸ್ ಕ್ರೈಸ್ತರು’ ಎಂದೇ ಹೆಸರಾದರು, ದೊಡ್ಡ ದೊಡ್ಡ ಚರ್ಚು ಕಟ್ಟಿಸಿದರು. ನೂರಕ್ಕೆ ಹತ್ತಕ್ಕೂ ಹೆಚ್ಚು ಜನ ಕ್ರೈಸ್ತರಾದ ಆ ಊರಿಗೆ ‘ಚೀನಾದ ಯೆರೂಸಲೇಮ್’ ಎಂಬ ಹೆಸರು ಬಂತು. ಚೆಂಗ್‌ದುನಲ್ಲಿ ಕಾನೂನು ಕಲಿಸುತ್ತಿದ್ದ ವಾಂಗ್ ಯಿ 2005ರಲ್ಲಿ ದೀಕ್ಷಾಸ್ನಾನ ಪಡೆದು, ಮುಂದೆ ‘ಮುಂಗಾರು ಮಳೆ ಒಡಂಬಡಿಕೆ ಸಭೆ’ ಕಟ್ಟಿದರು. ಹಳ್ಳಿಯ ಸಭೆ ಅಡಗಿಕೊಂಡಿರುತ್ತಿತ್ತು. ನಗರದ ಸಭೆ ಹಾಗಿರಲು ಒಪ್ಪಲಿಲ್ಲ. ಕಚೇರಿ ಕಟ್ಟಡದ ಮಹಡಿ ಬಾಡಿಗೆಗೆ ಹಿಡಿದು, ಬಾಗಿಲಿಗೆ ಹೆಸರು ಹಾಕಿ, ಸಂವಿಧಾನದ ವಿಧಿ ಉದ್ಧರಿಸಿ ಮಾತನಾಡಿತು. ಸಂಘರ್ಷಕ್ಕೆ ಇದೇ ದಾರಿಯಾಯಿತು.

ಆದರೂ ಮೊದಲ ದೊಡ್ಡ ಹೊಡೆತ ಬಿದ್ದದ್ದು ಮಾನ್ಯತೆ ಪಡೆದ ಚರ್ಚಿನ ಮೇಲೆ. ವೆನ್‌ಝೌನ ಸಾನ್‌ಜಿಯಾಂಗ್ ಚರ್ಚು ತ್ರಿಸ್ವಯಂ ಚಳವಳಿಗೆ ಸೇರಿದ್ದು, ಆರು ವರ್ಷ ಕಟ್ಟಿದ್ದು. ಅನುಮತಿಗಿಂತ ನಾಲ್ಕು ಪಟ್ಟು ದೊಡ್ಡದಾಗಿದೆ ಎಂದು 2014ರ ಏಪ್ರಿಲ್‌ನಲ್ಲಿ ಅದನ್ನು ಕೆಡವಿದರು. ಮುಂದಿನ ಎರಡು ವರ್ಷಗಳಲ್ಲಿ ಆ ಪ್ರಾಂತ್ಯದ ಸಾವಿರಕ್ಕೂ ಹೆಚ್ಚು ಚರ್ಚುಗಳ ಶಿಖರದಿಂದ ಶಿಲುಬೆ ಇಳಿಯಿತು. 2018ರ ಫೆಬ್ರವರಿಯಲ್ಲಿ ಪರಿಷ್ಕೃತ ಧಾರ್ಮಿಕ ವ್ಯವಹಾರಗಳ ನಿಯಮ ಜಾರಿಗೆ ಬಂತು. ಅದೇ ವರ್ಷ ಧರ್ಮದ ಇಲಾಖೆಯನ್ನು ಪಕ್ಷದ ಹೊರಗಿನ ಗುಂಪುಗಳನ್ನು ನೋಡಿಕೊಳ್ಳುವ ಪಕ್ಷದ ಸಂಯುಕ್ತ ರಂಗ ವಿಭಾಗಕ್ಕೆ ನೇರವಾಗಿ ಸೇರಿಸಿದರು, ಆನ್‌ಲೈನ್ ಅಂಗಡಿಗಳಿಂದ ಬೈಬಲ್ ಮಾಯವಾಯಿತು. ನಾನ್‌ಜಿಂಗ್‌ನ ಅಮಿಟಿ ಮುದ್ರಣಾಲಯ 2019ರ ಹೊತ್ತಿಗೆ ಒಟ್ಟು ಇಪ್ಪತ್ತು ಕೋಟಿ ಬೈಬಲ್ ಅಚ್ಚು ಹಾಕಿತ್ತು. ಅರ್ಧಕ್ಕಿಂತ ಹೆಚ್ಚು ಬೇರೆ ದೇಶಗಳಿಗೆ ಹೋದವು. ಜಗತ್ತಿಗೇ ಬೈಬಲ್ ಒದಗಿಸುವ ದೇಶದಲ್ಲಿ ಪುಸ್ತಕದಂಗಡಿಯಲ್ಲಿ ಅದನ್ನು ಕೊಳ್ಳುವಂತಿಲ್ಲ, ಮಾನ್ಯತೆಯ ಚರ್ಚಿನಲ್ಲೇ ಕೊಳ್ಳಬೇಕು. 2018ರ ಡಿಸೆಂಬರ್‌ನಲ್ಲಿ ವಾಂಗ್ ಯಿ ಅವರನ್ನು ಬಂಧಿಸಿದರು. ‘ಪ್ರಭುತ್ವವನ್ನು ಬುಡಮೇಲು ಮಾಡಲು ಪ್ರಚೋದನೆ’ ಎಂಬ ಆರೋಪಕ್ಕೆ ಮರುವರ್ಷ ಒಂಬತ್ತು ವರ್ಷದ ಶಿಕ್ಷೆಯಾಯಿತು.

ಬೀಜಿಂಗ್‌ನ ಜಿಯೋನ್ ಸಭೆಯ ಪಾಲಕ ಜಿನ್ ಮಿಂಗ್‌ರಿ ಮೊದಲು ತ್ರಿಸ್ವಯಂ ಚರ್ಚಿನಲ್ಲೇ ಸೇವೆ ಮಾಡಿದವರು. 2018ರಲ್ಲಿ ಅವರ ಆರಾಧನಾ ಮಂದಿರದಲ್ಲಿ ಕ್ಯಾಮೆರಾ ಅಳವಡಿಸಬೇಕೆಂದು ಅಧಿಕಾರಿಗಳು ಹೇಳಿದರು. ಸಭೆ ಒಪ್ಪಲಿಲ್ಲ. ಬಾಗಿಲು ಮುಚ್ಚಿಸಿದರು. ಜಿಯೋನ್ ಆಗ ಇಂಟರ್‌ನೆಟ್‌ಗೆ ತಿರುಗಿತು: ಬೋಧನೆ ಪರದೆಯ ಮೇಲೆ, ಕೇಳುವವರು ಬೇರೆ ಬೇರೆ ಊರುಗಳ ಮನೆಗಳಲ್ಲಿ ಸಣ್ಣ ಗುಂಪಾಗಿ. ಕೋವಿಡ್ ಕಾಲದಲ್ಲಿ ಅದು ಹತ್ತಾರು ನಗರಗಳಿಗೆ ಹಬ್ಬಿತು. ಹೆನಾನ್‌ನ ಅಂಗಳದ ಸಭೆಯ ಹಳೆಯ ಉಪಾಯವೇ ಹೊಸ ಸಾಧನದಲ್ಲಿ ಮರಳಿ ಬಂದಿತ್ತು. ಸರ್ಕಾರವೂ ಸುಮ್ಮನಿರಲಿಲ್ಲ. 2022ರ ಮಾರ್ಚ್‌ನಿಂದ ಪರವಾನಗಿಯಿಲ್ಲದೆ ಆನ್‌ಲೈನ್ ಧರ್ಮಬೋಧೆ ಮಾಡುವಂತಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಧರ್ಮಗುರುಗಳ ಆನ್‌ಲೈನ್ ನಡವಳಿಕೆಗೆ ಇನ್ನೂ ಬಿಗಿಯಾದ ನಿಯಮ ಬಂತು. ಮರುತಿಂಗಳೇ ದಕ್ಷಿಣದ ಗುವಾಂಗ್‌ಶಿಯಲ್ಲಿ ಜಿನ್ ಮಿಂಗ್‌ರಿ ಅವರನ್ನೂ, ಹಲವು ನಗರಗಳಲ್ಲಿ ಅವರ ಸಂಗಡಿಗರನ್ನೂ ಬಂಧಿಸಿದರು.

ಈ ಎಲ್ಲ ಕ್ರಮಗಳಿಗೆ ಸರ್ಕಾರ ಕೊಡುವ ಹೆಸರು ಧರ್ಮದ ಚೀನೀಕರಣ. ಚರ್ಚಿನಲ್ಲಿ ರಾಷ್ಟ್ರಧ್ವಜ, ಪ್ರವಚನದಲ್ಲಿ ‘ಸಮಾಜವಾದಿ ಮೂಲ ಮೌಲ್ಯಗಳು’, ಗೋಡೆಯ ಮೇಲೆ ಪಕ್ಷದ ಘೋಷಣೆ. 2017ರಲ್ಲಿ ಜಿಯಾಂಗ್‌ಶಿ ಪ್ರಾಂತ್ಯದ ಯುಗಾನ್ ಎಂಬಲ್ಲಿ ಬಡತನ ನಿವಾರಣೆಯ ಅಭಿಯಾನ ನಡೆಯುತ್ತಿತ್ತು. ಕ್ರೈಸ್ತರ ಮನೆಯ ಗೋಡೆಗಳಿಂದ ಯೇಸುವಿನ ಚಿತ್ರ, ಬಾಗಿಲ ಮೇಲಿನ ಧಾರ್ಮಿಕ ಪದ್ಯಗಳನ್ನು ತೆಗೆಸಿ ಷಿ ಜಿನ್‌ಪಿಂಗ್ ಅವರ ಭಾವಚಿತ್ರ ಹಾಕಿಸಿದರು. ಕಾಯಿಲೆ ಬಂದಾಗ ಯೇಸು ಕಾಯಲಿಲ್ಲ, ಪಕ್ಷ ಕಾಯುತ್ತದೆ ಎಂಬುದು ಅಧಿಕಾರಿಗಳ ವಾದವಾಗಿತ್ತು. ಕಾಯಿಲೆಯೇ ಜನರನ್ನು ಚರ್ಚಿಗೆ ತಂದಿತ್ತು ಎಂಬುದು ಅವರಿಗೂ ಗೊತ್ತಿತ್ತೆಂದು ಇದರಿಂದ ತಿಳಿಯುತ್ತದೆ. ಆದರೆ ಅವರು ತೆಗೆಸಿದ್ದೇನನ್ನು? ಕೆಂಪು ಕಾಗದದ ಜೋಡಿ ಪದ್ಯವನ್ನು. ಚೀನೀ ಕ್ರೈಸ್ತ ಧರ್ಮದಲ್ಲಿ ಅದಕ್ಕಿಂತ ಚೀನೀಯವಾದದ್ದು ಇನ್ನೇನಿದೆ? ರೈತರು, ಹೆಂಗಸರು, ಹಾಡು ಕಟ್ಟುವವರು ನಲವತ್ತು ವರ್ಷಗಳಲ್ಲಿ ತಾವಾಗಿ ಮಾಡಿ ಮುಗಿಸಿದ ಚೀನೀಕರಣವನ್ನು ಅಳಿಸಿ ಅದರ ಮೇಲೆ ಪಕ್ಷದ ಚಿತ್ರ ಅಂಟಿಸುವ ಕೆಲಸಕ್ಕೆ ಅದೇ ಹೆಸರಿಡುವುದು ಅನ್ಯಾಯ. ಬೇಕಾಗಿರುವುದು ಹಿಡಿತ. ‘ವಿದೇಶಿ ಕೈವಾಡ’ ಎಂಬ ಮಾತು ಅದಕ್ಕೆ ಒದಗುವ ಹಳೆಯ ನೆಪ. ಮತಾಂತರವೆಂದರೆ ಹೊರಗಿನ ಹಣದ ಆಟವೆಂದು ನಮ್ಮಲ್ಲೂ ಸಲೀಸಾಗಿ ಹೇಳುವವರು, ಹೊರಗಿನ ಹಣ ಮತ್ತು ಮನುಷ್ಯರು ಪೂರಾ ನಿಂತುಹೋದ ಮೂರು ದಶಕಗಳ ನಂತರ ಹೆನಾನ್‌ನಲ್ಲಿ ಏನಾಯಿತು ಎಂಬುದನ್ನು ಒಮ್ಮೆ ಯೋಚಿಸಬೇಕು.

ವ್ಯಾಟಿಕನ್ 2018ರಲ್ಲಿ ಬಿಷಪರ ನೇಮಕದ ಬಗ್ಗೆ ಬೀಜಿಂಗ್ ಜೊತೆ ಮಾಡಿಕೊಂಡ ಒಪ್ಪಂದದ ಪಠ್ಯ ಇವತ್ತಿಗೂ ಗುಟ್ಟಾಗಿದೆ. 2024ರಲ್ಲಿ ಅದನ್ನು ನಾಲ್ಕು ವರ್ಷಕ್ಕೆ ಮುಂದುವರಿಸಿದ್ದಾರೆ. 2023ರಲ್ಲಿ ಚೀನಾ ತಾನಾಗಿಯೇ ಶಾಂಘಾಯ್‌ಗೆ ಬಿಷಪ್ ಶೆನ್ ಬಿನ್ ಅವರನ್ನು ವರ್ಗಾಯಿಸಿತು, ಕೆಲ ತಿಂಗಳ ನಂತರ ಪೋಪ್ ಅದನ್ನು ಒಪ್ಪಿಕೊಂಡರು. ರೋಮ್‌ಗೆ ನಿಷ್ಠರಾಗಿ ಭೂಗತರಾಗಿ ಬಾಳಿದ ಹಿರಿಯ ಪಾದ್ರಿಗಳಿಗೆ ಇದು ಎಷ್ಟು ನೋವು ತಂದಿರಬೇಕೆಂದು ಊಹಿಸಬಹುದು. ಹಾಂಗ್‌ಕಾಂಗ್‌ನ ಕಾರ್ಡಿನಲ್ ಜೋಸೆಫ್ ಜೆನ್ ಆ ನೋವನ್ನು ಬಹಿರಂಗವಾಗಿಯೇ ಹೇಳಿದ್ದಾರೆ.

ಈಗ ಸಂಖ್ಯೆಯ ಮಾತಿಗೆ ಮರಳೋಣ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಯಾಂಗ್ ಫೆಂಗ್‌ಗಾಂಗ್ 2014ರಲ್ಲಿ, 2030ರ ಹೊತ್ತಿಗೆ ಚೀನಾ ಜಗತ್ತಿನಲ್ಲೇ ಅತಿ ಹೆಚ್ಚು ಕ್ರೈಸ್ತರಿರುವ ದೇಶವಾಗಬಹುದು ಎಂದಿದ್ದರು. ಹಿಂದಿನ ಮೂವತ್ತು ವರ್ಷಗಳ ವೇಗ ಹಾಗೆಯೇ ಮುಂದುವರಿದರೆ ಎಂಬುದು ಅದರ ಆಧಾರ. ಪ್ಯೂ ಸಂಶೋಧನಾ ಕೇಂದ್ರ 2011ರಲ್ಲಿ 6.7 ಕೋಟಿ ಎಂದು ಅಂದಾಜಿಸಿತ್ತು. ಅದೇ ಕೇಂದ್ರ 2023ರಲ್ಲಿ ಚೀನಾದ ವಿಶ್ವವಿದ್ಯಾಲಯಗಳ ಸಮೀಕ್ಷೆಗಳನ್ನು ಜಾಲಾಡಿ ಹೇಳಿದ್ದು: 2018ರಲ್ಲಿ ತಾವು ಕ್ರೈಸ್ತರೆಂದು ಹೇಳಿಕೊಂಡ ವಯಸ್ಕರು ನೂರಕ್ಕೆ ಎರಡರಷ್ಟು, ಸುಮಾರು ಎರಡು ಕೋಟಿ, 2010ರಿಂದ ಈಚೆಗೆ ಬೆಳವಣಿಗೆಯ ಗುರುತಿಲ್ಲ. ಸಮೀಕ್ಷೆಯಲ್ಲಿ ಎರಡು ಕೋಟಿ, ಶ್ವೇತಪತ್ರದ ಎರಡೂ ಲೆಕ್ಕ ಕೂಡಿಸಿದರೆ 4.4 ಕೋಟಿ, ಪ್ಯೂನ ಹಿಂದಿನ ಅಂದಾಜಿನಲ್ಲಿ 6.7 ಕೋಟಿ. ಸರ್ಕಾರ ಎಣಿಸುವುದು ಬೇರೆ, ಮನೆಗೆ ಬಂದ ಅಪರಿಚಿತ ಸಮೀಕ್ಷಕನಿಗೆ ಜನ ಹೇಳುವುದು ಬೇರೆ, ದೇಣಿಗೆ ಕೇಳುವ ಸಂಸ್ಥೆ ಹೇಳುವುದು ಬೇರೆ. ಧರ್ಮ ನಂಬುವುದು ಪಕ್ಷದ ಸದಸ್ಯರಿಗೆ ನಿಷಿದ್ಧವಾಗಿರುವ, ಅಂಥ ಸದಸ್ಯರೇ ಹತ್ತು ಕೋಟಿ ಇರುವ ದೇಶದಲ್ಲಿ ಹೌದು ಎನ್ನುವವರಿಗಿಂತ ನಂಬುವವರು ಹೆಚ್ಚಿರುವುದು ಸಹಜ. ಹಾಗಿದ್ದರೂ ವೇಗ ತಗ್ಗಿದೆ ಎಂಬುದನ್ನು ನಾನು ಒಪ್ಪುತ್ತೇನೆ.

ಕಾರಣ ದಬ್ಬಾಳಿಕೆಯೊಂದೇ ಎನ್ನಲಾಗದು. ಸಾಂಸ್ಕೃತಿಕ ಕ್ರಾಂತಿಯ ದಬ್ಬಾಳಿಕೆ ಇದಕ್ಕಿಂತ ಘೋರವಾಗಿತ್ತು, ಆಗ ಸಭೆ ಬೆಳೆಯಿತು. ಬದಲಾದದ್ದು ಹಳ್ಳಿ. ಹೆನಾನ್‌ನ ಯುವಕ ಯುವತಿಯರು ಕೋಟ್ಯಂತರ ಸಂಖ್ಯೆಯಲ್ಲಿ ಗುವಾಂಗ್‌ಡಾಂಗ್, ಶಾಂಘಾಯ್‌ಗಳ ಕಾರ್ಖಾನೆಗಳಿಗೆ ಹೋದರು. ಊರಲ್ಲಿ ಉಳಿದದ್ದು ಅಜ್ಜಿಯರು, ಮೊಮ್ಮಕ್ಕಳು. ಹನ್ನೆರಡು ಗಂಟೆಯ ಪಾಳಿ ಮುಗಿಸಿ ಹಾಸ್ಟೆಲ್‌ಗೆ ಮರಳುವ ಹುಡುಗಿಗೆ ಭಾನುವಾರವೂ ರಜೆಯಿಲ್ಲ, ನಗರದ ವಕೀಲರ ಸಭೆಯ ಭಾಷೆ ಅವಳಿಗೆ ಹತ್ತುವುದಿಲ್ಲ. 2003ರಿಂದ ಹಳ್ಳಿಗಳಿಗೆ ಹೊಸ ಆರೋಗ್ಯ ವಿಮೆ ಬಂದಿದೆ. ಕಾಯಿಲೆಯ ಬಾಗಿಲಿನಿಂದ ಬರುವವರು ಕಡಿಮೆಯಾಗಿರಬೇಕೆಂಬುದು ನನ್ನ ಊಹೆ.

ಸ್ವಾತಂತ್ರ್ಯ ಸಿಕ್ಕರೆ ಸಂಖ್ಯೆ ತಾನಾಗಿ ಏರುತ್ತದೆಂಬ ನಂಬಿಕೆಗೂ ತೈವಾನ್ ಅಡ್ಡ ಬರುತ್ತದೆ. ಅಲ್ಲಿ ಪೂರ್ಣ ಧಾರ್ಮಿಕ ಸ್ವಾತಂತ್ರ್ಯವಿದೆ, ಪ್ರಜಾಪ್ರಭುತ್ವದ ಹೋರಾಟದಲ್ಲಿ ಪ್ರೆಸ್‌ಬಿಟೇರಿಯನ್ ಸಭೆ ಮುಂದೆ ನಿಂತಿತ್ತು. ಆದರೂ ಕ್ರೈಸ್ತರ ಪಾಲು ಸಣ್ಣದಾಗಿಯೇ ಉಳಿದಿದೆ, ಬೆಳೆದದ್ದು ಹೊಸ ಬೌದ್ಧ ಸಂಸ್ಥೆಗಳು. ಸಿಂಗಪುರದಲ್ಲಿ ಮಾತ್ರ ಚೀನೀ ಮೂಲದ ಐವರಲ್ಲಿ ಒಬ್ಬರು ಕ್ರೈಸ್ತರು. ಅಲ್ಲಿ ಕೆಲಸ ಮಾಡಿದ್ದು ಇಂಗ್ಲಿಷ್ ಶಿಕ್ಷಣ. 1886ರಲ್ಲಿ ಹದಿಮೂರು ಚೀನೀ ಹುಡುಗರನ್ನು ಕೂರಿಸಿಕೊಂಡು ಅಲ್ಲಿಯ ಆಂಗ್ಲೊ-ಚೈನೀಸ್ ಶಾಲೆ ತೆರೆದ ಮೆಥಡಿಸ್ಟ್ ಮಿಷನರಿ ವಿಲಿಯಂ ಓಲ್ಡ್‌ಹ್ಯಾಮ್ ಹುಟ್ಟಿದ್ದು ಬೆಂಗಳೂರಿನಲ್ಲಿ. ಮಲೇಷ್ಯಾದ ಸಬಾದಲ್ಲಿ ಹಕ್ಕಾ ವಲಸಿಗರು ಕಟ್ಟಿಕೊಂಡ ಸಭೆ ಇಂದಿಗೂ ಬಾಸೆಲ್ ಹೆಸರನ್ನೇ ಇಟ್ಟುಕೊಂಡಿದೆ. ಒಂದೊಂದು ನೆಲದ ಚೀನೀಯರು ಒಂದೊಂದು ಕಾರಣಕ್ಕೆ ಕ್ರೈಸ್ತರಾದರು, ಅಥವಾ ಆಗಲಿಲ್ಲ. ‘ಚೀನೀ ಜನ’ ಎಂದು ಒಟ್ಟಾಗಿ ಹೇಳುವ ಭವಿಷ್ಯವಾಣಿಗಳು ತಪ್ಪುವುದು ಇದಕ್ಕೇ.

ಮುಂದಿನ ದಿನಗಳ ಬಗ್ಗೆ ಕೇಳುವವರಿಗೆ ನಾನು ತೋರಿಸುವುದು ಹೆಚ್ಚು ಸುದ್ದಿಯಾಗದ ಒಂದು ಕ್ರಮವನ್ನು. 2018ರ ನಂತರ ಹೆನಾನ್ ಸೇರಿದಂತೆ ಹಲವು ಕಡೆ ಹದಿನೆಂಟು ವರ್ಷದೊಳಗಿನವರು ಚರ್ಚಿಗೆ ಬರಬಾರದೆಂದು ಸ್ಥಳೀಯ ಆಡಳಿತಗಳು ತಾಕೀತು ಮಾಡಿವೆ. ಭಾನುವಾರದ ಶಾಲೆಗಳು, ಬೇಸಿಗೆ ಶಿಬಿರಗಳು ನಿಂತಿವೆ. ಬೋಧಕನನ್ನು ಜೈಲಿಗೆ ಹಾಕಿದರೆ ಜಗತ್ತಿನ ಪತ್ರಿಕೆಗಳು ಬರೆಯುತ್ತವೆ, ರಾಯಭಾರಿಗಳು ಹೇಳಿಕೆ ಕೊಡುತ್ತಾರೆ, ಸಭೆಯಲ್ಲಿ ಇನ್ನೊಬ್ಬರು ಎದ್ದು ನಿಲ್ಲುತ್ತಾರೆ. ಹತ್ತು ವರ್ಷದ ಹುಡುಗನನ್ನು ಚರ್ಚಿನ ಬಾಗಿಲಲ್ಲಿ ತಡೆದು ಮನೆಗೆ ಕಳಿಸಿದರೆ ಯಾರೂ ಬರೆಯುವುದಿಲ್ಲ. ತಂದೆತಾಯಿ ದೂರದ ಕಾರ್ಖಾನೆಯಲ್ಲಿರುವ ಆ ಹುಡುಗನಿಗೆ ಹಾಡು ಮತ್ತು ಪ್ರಾರ್ಥನೆ ಕಲಿಸಲು ಈಗ ಉಳಿದಿರುವುದು ಮನೆಯಲ್ಲಿನ ಅಜ್ಜಿ ಮಾತ್ರ. ಅವಳು 1980ರ ದಶಕದಲ್ಲಿ ಕಾಯಿಲೆಯ ಮನೆಗಳಿಗೆ ಗಂಜಿ ಒಯ್ದ ಪೀಳಿಗೆಯವಳು, ಎಪ್ಪತ್ತು ದಾಟಿದವಳು. ಚೀನಾದ ಸಭೆಯ ಗಾತ್ರವನ್ನು ಈ ಶತಮಾನದ ನಡುಭಾಗದಲ್ಲಿ ಎಣಿಸುವವರು, ಆ ಹುಡುಗ ಅವಳಿಂದ ಎಷ್ಟು ಕಲಿತ ಎಂಬುದನ್ನೇ ಎಣಿಸುತ್ತಿರುತ್ತಾರೆ.